ಕಲ್ಲೇಶ್ವರಸ್ವಾಮಿಗೆ ಬಂಪರ್ ಬಹುಮಾನ

ಗುಬ್ಬಿಯ ಜಯಪ್ರಕಾಶನಿಗೆ ಲಕ್ಕಿ ಡಿಪ್ಪಿನಲ್ಲಿ ಈವರೆಗೆ ಒಂದು ಸ್ಟೀಲ್ ಚಮಚವೂ ಬಂದದ್ದಿಲ್ಲ. ಹಾಗಂತ ಅವನು ಕೂಪನ್ ಬರೆಯುವುದನ್ನು ಬಿಟ್ಟವನೂ ಅಲ್ಲ. ದೀಪಾವಳಿಗೆ ಬಟ್ಟೆ ಅಂಗಡಿಯಲ್ಲಿ, ಯುಗಾದಿಗೆ ಪಾತ್ರೆ ಅಂಗಡಿಯಲ್ಲಿ, ನಡುವೆ ದಿನಸಿ ಅಂಗಡಿಯಲ್ಲಿ ತನ್ನ ಹೆಸರು, ವಿಳಾಸ ಬರೆದೂ ಬರೆದೂ ಅವನ ಅಕ್ಷರ ದುಂಡಗಾಯಿತೇ ಹೊರತು ಬಹುಮಾನ ಬರಲಿಲ್ಲ. ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಸಾವಿರಾರು ಹುಡುಗರ ಹೆಸರನ್ನು ರಿಜಿಸ್ಟರಿಗೆ ಏರಿಸಿದ್ದಾನೆ, ಅವನ ಹೆಸರನ್ನು ಮಾತ್ರ ಯಾರೂ ಎಲ್ಲಿಗೂ ಏರಿಸಿರಲಿಲ್ಲ.

ಹೀಗಿರುವಾಗ ತುಮಕೂರಿನ ಬೈಪಾಸ್ ಪಕ್ಕದಲ್ಲಿ ನವಸಿರಿ ಮಾಲ್ ಅಂತ ನಾಲ್ಕಂತಸ್ತಿನದೊಂದು ಎದ್ದು ನಿಂತಿತು. ಸಾವಿರ ರೂಪಾಯಿ ಸಾಮಾನು ಕೊಂಡರೆ ಒಂದು ಕೂಪನ್, ಬಂಪರ್ ಬಹುಮಾನ ಸ್ಕೂಟರ್. ಇದೇ ಹೊತ್ತಿಗೆ ಜಯಪ್ರಕಾಶನ ಮಗಳು ಅಕ್ಷತಾಗೆ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಬರೋ ಸೋಮವಾರ ಬೆಳಗ್ಗೆ ಆರೂವರೆಗೆ ಗೇಟಿನಲ್ಲಿರಬೇಕು. ಆ ಹೊತ್ತಿಗೆ ಆ ಕಡೆಗೆ ಬಸ್ಸಿಲ್ಲ, ಆಟೋದವನು ಕೇಳುವ ದುಡ್ಡಿಗೆ ಅರ್ಧ ಸಂಬಳ ಹೋಗುತ್ತದೆ. ನಿನಗೆ ಸ್ಕೂಟರ್ ಕೊಡಿಸೋದು ನನ್ನ ಜವಾಬ್ದಾರಿ ಕಣಮ್ಮ ಅಂತ ಜಯಪ್ರಕಾಶ ಎದೆ ತಟ್ಟಿ ಹೇಳಿದ್ದ.

ಹೇಳಿದವನು ಮುಂಗಡದ ದುಡ್ಡು ಜೇಬಿನಲ್ಲಿಟ್ಟುಕೊಂಡು, ಹೆಂಡತಿ ಮಂಜುಳಮ್ಮನನ್ನು ಜೊತೆಗೆ ಕರೆದುಕೊಂಡು ಶೋರೂಮಿಗೆ ಅಂತಲೇ ಹೊರಟಿದ್ದ. ದಾರಿಯಲ್ಲಿ ಮಾಲಿನ ಬಾಗಿಲಲ್ಲಿ ರಿಬ್ಬನ್ ಕಟ್ಟಿಸಿಕೊಂಡು ನಿಂತಿದ್ದ ಕೆಂಪು ಸ್ಕೂಟರ್ ಕಣ್ಣಿಗೆ ಬಿತ್ತು. ಅಲ್ಲೇ ಬುದ್ಧಿ ಕೈಕೊಟ್ಟಿತು. ಮುಂಗಡ ಕಟ್ಟಿ ಮೂರು ವರ್ಷ ಕಂತು ಕಟ್ಟುವ ಬದಲು, ಅದೇ ದುಡ್ಡಿಗೆ ಮನೆಗೆ ಸಾಮಾನೂ ಆಯಿತು, ಸ್ಕೂಟರೂ ಬಂತು ಅಂತ ಲೆಕ್ಕ ಹಾಕಿದ. ಮಿಕ್ಸಿ ಬಂತು, ಹಾಟ್‌ಬಾಕ್ಸ್ ಬಂತು, ಎಂಟು ಕಿಟಕಿಗೆ ಪರದೆ ಬಂತು. ಅವರ ಮನೆಗೆ ಇದ್ದದ್ದು ಮೂರೇ ಕಿಟಕಿ. ಕೈಗೆ ಹದಿನಾಲ್ಕು ಕೂಪನ್ ಸಿಕ್ಕಿತು.

ಪೆನ್ನು ತೆಗೆದು ಜ ಅಂತ ಬರೆಯುವಷ್ಟರಲ್ಲಿ ಮಂಜುಳಮ್ಮ ಕೈ ಹಿಡಿದಳು. "ನಿಮ್ ಹೆಸ್ರು ಬರ್ದೂ ಬರ್ದೂ ಇಷ್ಟ್ ವರ್ಷ ಏನ್ ಬಂತು ಹೇಳಿ. ಅವನ ಹೆಸ್ರು ಬರೀರಿ. ಅವನ ಹೆಸರಿಗೆ ಬರದೆ ಎಲ್ಲಿಗೆ ಹೋಗ್ತದೆ?"

ಅವನು ಅಂದರೆ ಮನೆದೇವರು. ಹಾಗಲವಾಡಿ ದಾರಿಯಲ್ಲಿ ಗುಡ್ಡದಪಾಳ್ಯ ಅಂತ ಅರವತ್ತು ಮನೆಯ ಊರು, ಅದರ ಮೇಲಿನ ಗುಡ್ಡದಲ್ಲಿ ಕಲ್ಲೇಶ್ವರಸ್ವಾಮಿ. ಜಯಪ್ರಕಾಶನಿಗೂ ಹೌದೆನ್ನಿಸಿತು. ಹದಿನಾಲ್ಕು ಕೂಪನ್ನಿನ ಮೇಲೂ ದುಂಡಗೆ 'ಶ್ರೀ ಕಲ್ಲೇಶ್ವರಸ್ವಾಮಿ, ಗುಡ್ಡದಪಾಳ್ಯ' ಅಂತ ಬರೆದು, ಕೆಳಗೆ ತನ್ನ ಫೋನ್ ನಂಬರ್ ಹಾಕಿ, ಕಣ್ಣಿಗೊತ್ತಿಕೊಂಡು ಡಬ್ಬಿಗೆ ಬಿಟ್ಟ.

ಡ್ರಾ ಆದದ್ದು ಶುಕ್ರವಾರ. ಶನಿವಾರ ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ ಜಯಪ್ರಕಾಶ ಕಾಲೇಜಿಗೆ ಹೊರಡಲು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಫೋನ್ ಬಂತು. ಬೆಂಗಳೂರಿನ ಕಡೆಯ ಯಾವುದೋ ಹುಡುಗಿ.

"ಶ್ರೀ ಕಲ್ಲೇಶ್ವರಸ್ವಾಮಿ ಅವರು ಮಾತಾಡ್ತಿರೋದಾ ಸರ್?"

ಜಯಪ್ರಕಾಶನ ಕೈ ಗುಂಡಿಯ ಮೇಲೇ ನಿಂತುಹೋಯಿತು. "ಅಲ್ಲಮ್ಮ," ಅಂದ. "ಅವರು ದೇವಸ್ಥಾನದಲ್ಲಿದಾರೆ."

ಹುಡುಗಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಶನಿವಾರ ಬೆಳಗ್ಗೆ ದೊಡ್ಡವರು ದೇವಸ್ಥಾನದಲ್ಲಿ ಇರುವುದು ಸಹಜವೇ. ಅವರು ಬಂದ ಮೇಲೆ ದಯವಿಟ್ಟು ತಿಳಿಸಿ ಅಂತ ಗಿಣಿಪಾಠ ಒಪ್ಪಿಸಿದಳು. ನವಸಿರಿ ಮಾಲಿನ ಬಂಪರ್ ಬಹುಮಾನ ಅವರಿಗೆ ಬಂದಿದೆ. ಇವತ್ತು ಸಂಜೆ ಐದು ಗಂಟೆಯೊಳಗೆ ವಿಜೇತರು ಸ್ವತಃ ಬರಬೇಕು, ಒರಿಜಿನಲ್ ಆಧಾರ್ ಕಾರ್ಡ್ ತರಬೇಕು, ತಪ್ಪಿದರೆ ಬೇರೆ ಚೀಟಿ ಎತ್ತುತ್ತಾರೆ. ಇಷ್ಟು ಹೇಳಿ ಥ್ಯಾಂಕ್ಯೂ ಸರ್ ಅಂದು ಇಟ್ಟುಬಿಟ್ಟಳು.

ಜಯಪ್ರಕಾಶ ಕೇಳಿದ್ದನ್ನೆಲ್ಲ ಹಾಗೇ ಮನೆಯವರಿಗೆ ಹೇಳಿದ. ಅಕ್ಷತಾ ಅಪ್ಪನ ಎರಡೂ ಕೈ ಹಿಡಿದು ಕುಣಿದಳು, ಮಂಜುಳಮ್ಮ ದೇವರಮನೆಗೆ ಓಡಿ ತುಪ್ಪದ ದೀಪ ಹಚ್ಚಿದಳು. ಜಯಪ್ರಕಾಶನ ಕಣ್ಣಲ್ಲಿ ನೀರೇ ಬಂತು. ಸೋಮವಾರ ಬೆಳಗ್ಗೆ ಮಗಳು ಕೆಂಪು ಸ್ಕೂಟರಿನಲ್ಲಿ ಕಾರ್ಖಾನೆಯ ಗೇಟಿಗೆ ಹೋಗಿ ನಿಲ್ಲುವುದನ್ನು ಅವನು ಆಗಲೇ ನೋಡಿಯಾಗಿತ್ತು. ಆ ಸಂಭ್ರಮವೆಲ್ಲ ತಗ್ಗಿದ ಮೇಲೆ ಅಕ್ಷತಾ ಮೆಲ್ಲಗೆ ಕೇಳಿದಳು, ಆಧಾರ್ ಕಾರ್ಡಿಗೆ ಏನು ಮಾಡೋದು ಅಂತ.

ಅಷ್ಟರಲ್ಲಿ ಪಕ್ಕದ ಮನೆ ಅನಂತರಾಜು ಒಳಗೆ ಬಂದಾಗಿತ್ತು. ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿ ರಿಟೈರಾದ ಆಸಾಮಿ. ಕೂಗು ಕೇಳಿದರೆ ಸಾಕು, ಬೀದಿಯಲ್ಲಿ ಯಾರ ಮನೆಯದಾದರೂ ಅದು ತನ್ನ ಕೇಸೇ ಅಂತ ಬಂದು ಕೂರುವವರು. ಅವರು ಕಾಫಿ ತರಿಸಿಕೊಂಡು, ಸಂಗತಿ ಕೇಳಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟರು. ಕಾನೂನಿನ ಕಣ್ಣಿನಲ್ಲಿ ದೇವರು ಮೈನರ್.

"ಮೈನರ್ರಾ?" ಅಂದಳು ಮಂಜುಳಮ್ಮ. "ನಮ್ಮ ಮುತ್ತಾತನ ಮುತ್ತಾತನ ಕಾಲದೋನು ಅವನು."

ಎಷ್ಟು ವಯಸ್ಸಾದರೂ ಅಷ್ಟೇನಮ್ಮ, ದೇವರಿಗೆ ಹದಿನೆಂಟು ತುಂಬುವುದೇ ಇಲ್ಲ ಅಂದರು ಅನಂತರಾಜು. ಮೈನರ್ ಅಂದ ಮೇಲೆ ಗಾರ್ಡಿಯನ್ ಬೇಕು. ಗಾರ್ಡಿಯನ್ ಅಂದರೆ ಪೂಜಾರಿ. ಪೂಜಾರಿ ಸಹಿ ಹಾಕಿದರೆ ಕೆಲಸ ಸಲೀಸು.

ಜಯಪ್ರಕಾಶನಿಗೆ ಮೊದಲು ಮಾಲಿಗೇ ಹೋಗಿ ಮ್ಯಾನೇಜರನ್ನು ಒಂದು ಮಾತು ಕೇಳಿಬಿಡೋಣ ಅನ್ನಿಸಿತ್ತು. ಅನಂತರಾಜು ಅವನ ಭುಜ ಹಿಡಿದು ಕೂರಿಸಿದರು. "ಕೇಳಕ್ಕೆ ಹೋದ್ಯೋ, ಕೆಟ್ಟೆ. ನೀನಾಗೇ ಬಾಯಿ ಬಿಟ್ರೆ ಅವರು ಕ್ಯಾನ್ಸಲ್ ಅಂತಾರೆ, ಇನ್ನೊಂದ್ ಚೀಟಿ ಎತ್ತಾರೆ. ಕಾಗದ ಪತ್ರ ಎಲ್ಲಾ ಇಟ್ಕೊಂಡು, ನಾಲ್ಕು ಜನ ಒಟ್ಟಿಗೆ ಹೋಗ್ಬೇಕು. ನಾನಿದೀನಿ ಬಿಡಯ್ಯ." ಮಂಜುಳಮ್ಮನಿಗೂ ಅದೇ ಸರಿ ಅನ್ನಿಸಿತು. ಕಾಲೇಜಿಗೆ ರಜಾ ಹೇಳಿಯಾಯಿತು.

ಸ್ವಾಮಿಯ ಪೂಜೆ ಮಾಡುವ ರುದ್ರಯ್ಯನವರು, ಎಲ್ಲರ ಬಾಯಲ್ಲಿ ಅಯ್ನೋರು, ಇರುವುದು ಗುಬ್ಬಿಯಲ್ಲೇ ಮಗನ ಮನೆಯಲ್ಲಿ. ಹತ್ತೂವರೆಗೆ ಅವರ ಮುಂದೆ ಹೋಗಿ ನಿಂತರು. ಅಯ್ನೋರು ಎಲೆಅಡಿಕೆ ಮೆಲ್ಲುತ್ತಾ ಪೂರಾ ಕೇಳಿಸಿಕೊಂಡರು. ಸಹಿಗೇನು, ಹಾಕ್ತೀನಿ ಅಂದರು. ಆದರೆ ಫೋನಿನಲ್ಲಿ ಆ ಹೆಣ್ಣುಮಗಳು ನಿಖರವಾಗಿ ಏನಂದಳು ಅಂತ ಇನ್ನೊಂದು ಸಲ ಕೇಳಿದರು. ವಿಜೇತರು ಸ್ವತಃ ಬರಬೇಕು ಅಂದಳು ಅಂತ ಜಯಪ್ರಕಾಶ ಹೇಳಿದ.

"ಮತ್ತೆ? ಸ್ವತಃ ಬಾ ಅಂತ ಅವನನ್ನ ಕರ್ದವ್ರೆ. ಅವನನ್ನ ಬಿಟ್ಟು ನಾವ್ ನಾವೇ ಹೋಗಿ ಈಸ್ಕೊಂಡು ಬಂದ್ರೆ ಅದು ಮೋಸ ಆಗಲ್ವೇನಪ್ಪ?"

ಕಲ್ಲಿನ ಲಿಂಗವನ್ನು ಹೇಗೆ ಸ್ವಾಮಿ ಕರೆದೊಯ್ಯೋದು ಅಂತ ಜಯಪ್ರಕಾಶ ಗಾಬರಿಯಾದ. ಅಯ್ನೋರು ನಕ್ಕರು. ಮೂಲ ಲಿಂಗ ಯಾಕೆ, ಉತ್ಸವಮೂರ್ತಿ ಇಲ್ವೇ, ಪಂಚಲೋಹದ್ದು, ಒಂದು ಮೊಳ ಎತ್ತರ, ತೊಡೆ ಮೇಲೆ ಕೂರಿಸಿಕೊಂಡು ಹೋಗಬಹುದು. ಅನಂತರಾಜು ಇದನ್ನು ಕೇಳಿ ತೊಡೆ ತಟ್ಟಿದರು. ಪಾರ್ಟಿ ಖುದ್ದು ಹಾಜರಾದರೆ ಯಾವ ಕೋರ್ಟೂ ಇಲ್ಲ ಅನ್ನೋ ಹಾಗಿಲ್ಲ ಅಂದರು.

ಒಂದು ಗೂಡ್ಸ್ ಆಟೋ ಮಾತಾಡಿಕೊಂಡು ಎಲ್ಲರೂ ಗುಡ್ಡದಪಾಳ್ಯಕ್ಕೆ ಹೋದರು. ಆದರೆ ಸ್ವಾಮಿ ಊರು ಬಿಟ್ಟು ಹೊರಡಬೇಕಾದರೆ ಅವನದೇ ಅಪ್ಪಣೆ ಬೇಕು. ಅಯ್ನೋರು ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ, ಗಂಟೆ ಬಾರಿಸಿ, ಎಲ್ಲರಿಗೂ ಕೇಳುವಂತೆ ಕೇಳಿದರು. "ಸ್ವಾಮಿ, ತುಮಕೂರಿನ ಮಾಲಿಗೆ ಬರ್ತೀಯಾ? ಬರಂಗಿದ್ರೆ ಬಲಗಡೆ ಕೊಡು." ಬಲಗಡೆಯ ಹೂವು ಪಟಕ್ಕನೆ ಬಿತ್ತು. ಸ್ವಾಮಿ ಇಷ್ಟು ಬೇಗ ಯಾವತ್ತೂ ಹೂ ಕೊಟ್ಟವನಲ್ಲವಂತೆ. ಮಳೆ ವಿಷಯಕ್ಕಂತೂ ಅರ್ಧ ದಿನ ಕಾಯಿಸುತ್ತಾನಂತೆ.

ಸ್ವಾಮಿ ಮಾಲಿಗೆ ಹೊರಟವ್ನೆ ಅನ್ನೋ ಸುದ್ದಿ ಊರಿನಲ್ಲಿ ಹರಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಹೊಲದಲ್ಲಿದ್ದವರು ಕೈ ತೊಳೆದು ಬಂದರು, ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದರು, ತಮಟೆಯವರು ನಾಲ್ಕು ಜನ ಕರೆಯದೆಯೇ ಬಂದರು. ಊರ ಯಜಮಾನ ಕದರಯ್ಯ ಎರಡು ಟ್ರ್ಯಾಕ್ಟರ್ ಹೊರಡಿಸಿದ. ಆಧಾರ್ ಕಾರ್ಡಿನ ತಾಪತ್ರಯ ತಿಳಿದು, ಅನಂತರಾಜು ಹೇಳಿದಂತೆ ಒಂದು ದೃಢೀಕರಣ ಪತ್ರಕ್ಕೆ ಸಹಿ ಹಾಕಿಕೊಟ್ಟ. ಸದರಿ ಕಲ್ಲೇಶ್ವರಸ್ವಾಮಿಯವರು ನಮ್ಮ ಗ್ರಾಮದ ಖಾಯಂ ನಿವಾಸಿಯಾಗಿದ್ದು, ನಮ್ಮ ಅಜ್ಜನ ಕಾಲದಿಂದಲೂ ಇದೇ ವಿಳಾಸದಲ್ಲಿ ವಾಸವಾಗಿರುತ್ತಾರೆ, ಇವರ ನಡತೆ ಉತ್ತಮವಾಗಿರುತ್ತದೆ ಅಂತ ಅದರಲ್ಲಿತ್ತು. ಕೆಳಗೆ ಹದಿನೆಂಟು ಜನ ಸಹಿ ಮಾಡಿದರು, ಏಳು ಜನ ಹೆಬ್ಬೆಟ್ಟು ಒತ್ತಿದರು.

"ಇಷ್ಟ್ ದಿವಸಕ್ಕೆ ಸ್ವಾಮಿಗೊಂದು ವಾಹನ ಬಂತು ಬುಡಪ್ಪ," ಅಂದ ಕದರಯ್ಯ, ಜಯಪ್ರಕಾಶನ ಬೆನ್ನು ಸವರಿ.

ಅಲ್ಲ ಯಜಮಾನ್ರೇ, ಅದು ನಮ್ಮ ಅಕ್ಷತಾಗೆ ಅಂತ ಜಯಪ್ರಕಾಶ ಬಾಯಿ ತೆರೆದ. ಮಂಜುಳಮ್ಮ ಪಕ್ಕದಲ್ಲೇ ಚಿವುಟಿದಳು. ದೇವರ ಮುಂದೆ ನಂದು ನಿಂದು ಅನ್ನಬೇಡಿ, ಮೊದಲು ಕೈಗೆ ಬರಲಿ ಅಂತ ಕಿವಿಯಲ್ಲಿ ಹೇಳಿದಳು. ಅವನೂ ಹಾಗೇ ಸಮಾಧಾನ ಮಾಡಿಕೊಂಡು ಆಟೋ ಹತ್ತಿದ.

ಹೊರಡುವಾಗ ಹನ್ನೆರಡೂವರೆ. ಒಂದೂವರೆ ಗಂಟೆಯ ದಾರಿ, ಐದಕ್ಕೆ ಬೇಕಾದಷ್ಟು ಹೊತ್ತಿದೆ ಅಂತ ಎಲ್ಲರೂ ಅಂದುಕೊಂಡರು. ಉತ್ಸವಮೂರ್ತಿ ರಸ್ತೆಗೆ ಇಳಿದರೆ ಏನಾಗುತ್ತದೆ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ತಮಟೆ ಸದ್ದು ಕೇಳಿದ ಕಡೆಯೆಲ್ಲ ಜನ ಮನೆ ಮುಂದೆ ನೀರು ಹಾಕಿ, ಹಣ್ಣುಕಾಯಿ ತಟ್ಟೆ ಹಿಡಿದು ನಿಂತರು. ದೇವರು ಮನೆ ಮುಂದೆ ಬಂದಾಗ ನಿಲ್ಲಿಸದೆ ಹೋಗುವುದುಂಟೇ? ಅಯ್ನೋರು ಒಂದು ಮನೆಯನ್ನೂ ಬಿಡಲಿಲ್ಲ. ತೆಂಗಿನಕಾಯಿ ಒಡೆದೂ ಒಡೆದೂ ಜಯಪ್ರಕಾಶನ ಅಂಗೈ ಕೆಂಪಾಯಿತು. ಕೆಂಪು ಸ್ಕೂಟರ್ ಬೇರೆ ಯಾರದೋ ಮನೆ ಸೇರುವುದನ್ನು ನೆನೆನೆನೆದು ಅವನು ಗಡಿಯಾರ ನೋಡುವುದು, ಕಾಯಿ ಒಡೆಯುವುದು, ಮತ್ತೆ ಗಡಿಯಾರ ನೋಡುವುದು.

ಗುಬ್ಬಿಯಲ್ಲಿ ಅವನ ಬೀದಿಯವರೇ ಮುಕ್ಕಾಲು ಗಂಟೆ ತಿಂದರು. ಅನಂತರಾಜು ಸ್ವಾಮಿಯನ್ನು ತಮ್ಮ ಮನೆಯ ಮುಂದೆಯೇ ಇಳಿಸಿ, ಸೊಸೆಯ ಕೈಲಿ ಆರತಿ ಮಾಡಿಸಿ, ಪಾನಕ ಹಂಚಿಸಿದರು. ಹೆದ್ದಾರಿಗೆ ಬಂದಾಗ ಮೂರೂವರೆ. ತುಮಕೂರು ಮುಟ್ಟಿದಾಗ ನಾಲ್ಕೂ ಇಪ್ಪತ್ತೈದು. ಹಿಂದೆ ಎರಡು ಟ್ರ್ಯಾಕ್ಟರ್, ಗುಬ್ಬಿಯಿಂದ ಸೇರಿಕೊಂಡ ಬೈಕುಗಳು, ಏನು ಎತ್ತ ಅಂತ ಗೊತ್ತಿಲ್ಲದಿದ್ದರೂ ದೇವರ ಹಿಂದೆ ಬಂದಿದ್ದ ಇಬ್ಬರು ಹೂವಾಡಗಿತ್ತಿಯರು.

ಮಾಲಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ. ಅಯ್ನೋರು ಮೂರ್ತಿಯನ್ನು ಎತ್ತಿಕೊಂಡು ಲೋಹ ಪತ್ತೆ ಮಾಡುವ ಚೌಕಟ್ಟಿನೊಳಗೆ ಕಾಲಿಟ್ಟಿದ್ದೇ ತಡ, ಮೆಷಿನ್ನು ಕೀ ಅಂತ ಕೂಗಿಕೊಂಡಿತು. ಪಂಚಲೋಹ ಅಲ್ಲವೇ. ಸೆಕ್ಯುರಿಟಿಯವನು ಕೊತ್ತಗೆರೆ ಕಡೆಯ ಯಲ್ಲಯ್ಯ ಅಂತ, ದೈವಭಕ್ತ. ಮೆಷಿನ್ನು ದೇವರಿಗೆ ಕೂಗುತ್ತಿದೆ ಅಂತ ಗೊತ್ತಾದ ಕೂಡಲೇ ಬೂಟು ಬಿಚ್ಚಿ ಅಡ್ಡಬಿದ್ದ. ಹಿಂದಿನವರು ಅದನ್ನು ನೋಡಿ ತಮ್ಮ ಚಪ್ಪಲಿಯನ್ನೂ ಅಲ್ಲೇ ಬಿಟ್ಟರು. ಸುಮ್ಮನೆ ಶಾಪಿಂಗಿಗೆ ಬಂದವರು ಚಪ್ಪಲಿಯ ರಾಶಿ ನೋಡಿ, ಇದು ಇಲ್ಲಿಯ ಪದ್ಧತಿಯಿರಬೇಕು ಅಂತ ತಾವೂ ಬಿಚ್ಚಿಟ್ಟು ಬರಿಗಾಲಿನಲ್ಲಿ ಒಳಗೆ ಬಂದರು.

ಮ್ಯಾನೇಜರ್ ಚೈತನ್ಯ ಅಂತ, ಮೂವತ್ತರ ಒಳಗಿನ ಹುಡುಗ, ಕೋಟು ಹಾಕಿಕೊಂಡು ಓಡಿಬಂದ. ಬಂಪರ್ ವಿಜೇತರು ಬಂದಿದ್ದಾರೆ ಅಂತ ಅನಂತರಾಜು ದೃಢೀಕರಣ ಪತ್ರ ಚಾಚಿದರು. ಅವನು ಓದಿದ, ಮೂರ್ತಿಯನ್ನು ನೋಡಿದ, ಜನವನ್ನು ನೋಡಿದ. ಏನೋ ಕೇಳಬೇಕು ಅಂತ ಬಾಯಿ ತೆಗೆದ. ತಮಟೆ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಕೀಲಿ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕದರಯ್ಯ ತಲೆ ಎತ್ತಿ ನೋಡಿದ. ಮೇಲೆ ಮೂರು ಮಹಡಿ, ಮೂರರಲ್ಲೂ ಜನ ಕಟಕಟೆ ಹಿಡಿದು ಬಗ್ಗಿ ನೋಡುತ್ತಿದ್ದಾರೆ.

"ಏನ್ಲಾ ಇದು, ಸ್ವಾಮಿ ತಲೆ ಮೇಲೆ ಜನ ಓಡಾಡ್ತವ್ರೆ," ಅಂದ.

ತಮಟೆ ನಿಂತಿತು. ಆ ಮಾತಿಗೆ ಎದುರಾಡುವವರು ಯಾರಿದ್ದಾರೆ? ಒಂದೋ ಮೇಲಿನ ಮೂರು ಮಹಡಿಯ ಜನ ಕೆಳಗಿಳಿಯಬೇಕು, ಇಲ್ಲವೇ ಸ್ವಾಮಿಯೇ ಎಲ್ಲರಿಗಿಂತ ಮೇಲೆ ಹೋಗಬೇಕು. ಶನಿವಾರದ ಸಂಜೆ ವ್ಯಾಪಾರ ಬಿಟ್ಟು ಜನರನ್ನು ಕೆಳಗಿಳಿಸಲು ಚೈತನ್ಯನಿಗೆ ಮನಸ್ಸಿಲ್ಲ. ಸರಿ, ಸ್ವಾಮಿಯೇ ಹೊರಟ. ಅಯ್ನೋರು ಚಲಿಸುವ ಮೆಟ್ಟಿಲಿಗೆ ಮೊದಲು ಅರಿಶಿನ ಕುಂಕುಮ ಇಟ್ಟರು. ಇಟ್ಟ ಮೆಟ್ಟಿಲು ಮೇಲಕ್ಕೆ ಹೊರಟುಹೋಯಿತು, ಅವರು ಇನ್ನೊಂದಕ್ಕೆ ಇಟ್ಟರು, ಅದೂ ಹೋಯಿತು. ಗಂಟೆ ನಾಲ್ಕೂ ನಲವತ್ತು. ಜಯಪ್ರಕಾಶನೇ ಕೊನೆಗೆ ಅವರ ರಟ್ಟೆ ಹಿಡಿದು ಹತ್ತಿಸಿದ.

ಮೂರನೇ ಮಹಡಿಗೆ ಹೋದರೆ ಅಲ್ಲಿ ಹೋಟೆಲುಗಳ ಸಾಲು, ಕೋಳಿ ಹುರಿಯುವ ಘಮಘಮ. ಅಯ್ನೋರು ಮೂರ್ತಿಯ ಮೂಗಿಗೆ ಶಲ್ಯ ಅಡ್ಡ ಹಿಡಿದು ಅಲ್ಲೇ ನಿಂತುಬಿಟ್ಟರು. ಚೈತನ್ಯ ಓಡಿಹೋಗಿ ಆ ಅಂಗಡಿಯ ಒಲೆ ಆರಿಸಿದ, ಶಟರ್ ಎಳೆಸಿದ. ಒಳಗೆ ಕೂತು ತಿನ್ನುತ್ತಿದ್ದವರು ಕೈಯಲ್ಲಿ ಅರ್ಧ ತುಂಡು ಹಿಡಿದುಕೊಂಡು ಒಳಗೇ ಉಳಿದರು. ಐಸ್‌ಕ್ರೀಮಿನವನ ಮೇಜಿನ ಮೇಲೆ ಪಂಚೆ ಹಾಸಿ ಸ್ವಾಮಿಯನ್ನು ಕೂರಿಸಿಯಾಯಿತು.

ಈಗ ಸ್ವಾಮಿ ಮೇಲೆ, ಸ್ಕೂಟರ್ ಕೆಳಗೆ. ಸ್ವಾಮಿ ಇಳಿಯುವ ಹಾಗಿಲ್ಲ. ಗಂಟೆ ನಾಲ್ಕೂ ನಲವತ್ತೆಂಟು. ಜಯಪ್ರಕಾಶ, ಯಲ್ಲಯ್ಯ, ಕದರಯ್ಯನ ಕಡೆಯ ನಾಲ್ಕು ಜನ ಕೆಳಗೆ ಓಡಿ, ಸ್ಕೂಟರನ್ನು ಸಾಮಾನು ಸಾಗಿಸುವ ಲಿಫ್ಟಿಗೆ ನೂಕಿದರು. ಒಳಗೆ ಅಕ್ಕಿಮೂಟೆಗಳ ನಡುವೆ ಸ್ಕೂಟರಿಗೆ ಒತ್ತಿಕೊಂಡು ನಿಂತ ಜಯಪ್ರಕಾಶನಿಗೆ ಅದರ ಹೊಸ ಸೀಟಿನ ವಾಸನೆ ಮೂಗಿಗೆ ಬಡಿಯಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಮರೆತುಹೋಗುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಮಾಲಿನ ತುಂಬ ಮೈಕು ಮೊಳಗಿತು. ಬಂಪರ್ ಬಹುಮಾನ ವಿಜೇತರಾದ ಶ್ರೀಯುತ ಕಲ್ಲೇಶ್ವರಸ್ವಾಮಿಯವರು ಮೂರನೇ ಮಹಡಿಯಲ್ಲಿ ಉಪಸ್ಥಿತರಿದ್ದಾರೆ, ಗ್ರಾಹಕರು ದರ್ಶನ ಪಡೆಯಬೇಕಾಗಿ ಕೋರುತ್ತೇವೆ ಅಂತ.

ಐದಕ್ಕೆ ಎರಡು ನಿಮಿಷವಿದೆ ಅನ್ನುವಾಗ ಚೈತನ್ಯ ಕೋಟು ಸರಿಮಾಡಿಕೊಂಡು, ಕ್ಯಾಮೆರಾದವರ ಕಡೆ ತಿರುಗಿ ನಿಂತು, ಕೀಲಿಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಸ್ವಾಮಿಯ ಪಾದದ ಮುಂದೆ ಇಟ್ಟ. ಅವನ ಕಣ್ಣೂ ತುಂಬಿತ್ತು. ಮಾಲಿಗೆ ಮಾಲೇ ಹೋ ಅಂದಿತು. ಚೈತನ್ಯ ಕಾಗದಗಳನ್ನು ಸಿದ್ಧಮಾಡಲು ಕ್ಯಾಬಿನ್ನಿಗೆ ಹೋದ. ಅಕ್ಷತಾ ಅಪ್ಪನ ತೋಳು ಹಿಡಿದುಕೊಂಡಳು.

ಜಯಪ್ರಕಾಶ ಮುಂದೆ ಬಂದು ಕೀಲಿಗೆ ಕೈ ಹಾಕಿದ. ಕದರಯ್ಯ ಮೆಲ್ಲಗೆ ಅವನ ಕೈ ಹಿಡಿದ. ಪಾದಕ್ಕೆ ಇಟ್ಟದ್ದನ್ನು ಹಾಗೆ ಎತ್ತುವಂತಿಲ್ಲ, ಈಗ ಅದು ಸ್ವಾಮಿಯದು ಅಂತ ಪ್ರೀತಿಯಿಂದಲೇ ಹೇಳಿದ. ಜಯಪ್ರಕಾಶ ಅಯ್ನೋರ ಮುಖ ನೋಡಿದ, ಅವರು ಹೌದಪ್ಪ ಅಂದರು. ಅನಂತರಾಜುವಿನ ಮುಖ ನೋಡಿದ, ಅವರು ಮೈನರಿನ ಆಸ್ತಿ ಮುಟ್ಟಂಗಿಲ್ಲ ಅಂದುಬಿಟ್ಟರು.

ಆಗ ಜಯಪ್ರಕಾಶನಿಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನೂರಾರು ಜನರ ಮುಂದೆ ಗಟ್ಟಿಯಾಗಿ ಮಾತಾಡಿದ. ಕೂಪನ್ ತನ್ನ ದುಡ್ಡಿನದು, ಮಗಳು ಸೋಮವಾರ ಕೆಲಸಕ್ಕೆ ಸೇರಬೇಕು, ಬೇರೆ ದಾರಿ ಇಲ್ಲ, ಸ್ವಾಮಿ ಕೊಡಿಸುತ್ತಾನೆ ಅಂತಲೇ ಅವನ ಹೆಸರು ಬರೆದದ್ದು ಅಂತೆಲ್ಲ ಹೇಳಿ ಅತ್ತೇಬಿಟ್ಟ. ಜನ ಲೊಚಗುಟ್ಟಿದರು. ಕದರಯ್ಯ ಕಲ್ಲೆದೆಯವನಲ್ಲ. "ಹಂಗಾದ್ರೆ ಸ್ವಾಮೀನೇ ಕೇಳ್ಬುಡಾನ," ಅಂದ. "ಗಾಡಿ ಜಯಪ್ರಕಾಶನ ಕೈಯಾಗೆ ಇರ್ಬೇಕೋ ಬ್ಯಾಡ್ವೋ, ಅವನೇ ಹೇಳ್ಲಿ."

ಅಯ್ನೋರು ಮತ್ತೆ ಹೂವು ಅಂಟಿಸಿದರು. ಶಟರಿನ ಸಂದಿಯಿಂದ ಕೋಳಿ ಅಂಗಡಿಯವರೂ ನೋಡುತ್ತಿದ್ದರು. ಜಯಪ್ರಕಾಶ ಕಣ್ಣು ಮುಚ್ಚಿ ಇದ್ದಬದ್ದ ಹರಕೆಯನ್ನೆಲ್ಲ ಹೊತ್ತ. ಹೂವು ಬಿತ್ತು. ಬಲಗಡೆ.

ಅದೆಂಥ ಕೂಗು ಎದ್ದಿತೆಂದರೆ, ಕೆಳಗಿನ ಬಟ್ಟೆ ಅಂಗಡಿಯವರು ಮೇಲೆ ಏನೋ ಕುಸಿಯಿತು ಅಂದುಕೊಂಡರಂತೆ. ಮಂಜುಳಮ್ಮ ಮಗಳನ್ನು ತಬ್ಬಿಕೊಂಡಳು. ಗೆದ್ದೆ ಅಂತ ಜಯಪ್ರಕಾಶ ಕೀಲಿ ಎತ್ತಿ ಕಣ್ಣಿಗೊತ್ತಿಕೊಂಡ. ಅಯ್ನೋರು ಮಂಗಳಾರತಿ ಮುಗಿಸಿ, ಸ್ವಾಮಿಯ ಅಪ್ಪಣೆಯನ್ನು ವಿವರಿಸಿದರು. ಗಾಡಿ ಸ್ವಾಮಿಯದು. ಸ್ವಾಮಿಗೆ ಓಡಿಸಲು ಬರಲ್ಲ, ತಮಗೂ ಈ ವಯಸ್ಸಿನಲ್ಲಿ ಆಗಲ್ಲ. ಸಾರಥಿಯಾಗು ಅಂತ ಸ್ವಾಮಿ ಜಯಪ್ರಕಾಶನನ್ನು ಆರಿಸಿದ್ದಾನೆ. ದಿನಾ ಬೆಳಗ್ಗೆ ತಮ್ಮನ್ನು ಗುಬ್ಬಿಯಿಂದ ಗುಡ್ಡಕ್ಕೆ ಕರೆದೊಯ್ದು, ಪೂಜೆ ಮುಗಿದ ಮೇಲೆ ಕರೆತರಬೇಕು. ಸ್ನಾನ ಮಾಡದೆ ಹತ್ತಬಾರದು, ಚಪ್ಪಲಿ ಹಾಕಿಕೊಂಡು ಓಡಿಸಬಾರದು, ಪೆಟ್ರೋಲು ಸಾರಥಿಯ ಸೇವೆ. ಎಂಥಾ ಪುಣ್ಯವಂತನಯ್ಯ ನೀನು ಅಂತ ಕದರಯ್ಯ ಅವನ ಕೊರಳಿಗೆ ಸ್ವಾಮಿಯ ಹಾರವನ್ನೇ ಹಾಕಿದ.

ಹಾರ ಹಾಕಿಸಿಕೊಂಡು ಮಂಕು ಬಡಿದವನಂತೆ ನಿಂತಿದ್ದವನನ್ನು ಚೈತನ್ಯ ತನ್ನ ಕ್ಯಾಬಿನ್ನಿಗೆ ಕರೆದೊಯ್ದ. ಒಂದೆರಡು ಸಹಿ ಬಾಕಿಯಿತ್ತು. ಜಯಪ್ರಕಾಶ ಗುರುತು ಹಾಕಿದ ಕಡೆಯೆಲ್ಲ ಗೀಚಿದ. ಚೈತನ್ಯ ತನ್ನ ಕರ್ಚೀಫಿನಿಂದ ಕಣ್ಣೊರಸಿಕೊಂಡ.

"ನಿಮ್ಮಂಥೋರನ್ನ ನಾನು ನೋಡಿಲ್ಲ ಸಾರ್. ನಿಮ್ಮ ಕೈಗೆ ಬಂದ ಬಹುಮಾನಾನ ಮೆರವಣಿಗೇಲಿ ಬಂದು ದೇವರಿಗೆ ಅರ್ಪಿಸಿಬಿಟ್ರಲ್ಲ."

"ನನ್ನ ಕೈಗೆ ಎಲ್ಲಪ್ಪ ಬಂತು? ಕೂಪನ್ನಲ್ಲಿ ಸ್ವಾಮಿ ಹೆಸ್ರಿತ್ತಲ್ಲ," ಅಂದ ಜಯಪ್ರಕಾಶ.

ಚೈತನ್ಯ ನಕ್ಕ. "ಅಯ್ಯೋ, ಹೆಸರು ಯಾರು ನೋಡ್ತಾರೆ ಸಾರ್? ಆ ಡಬ್ಬಿಯಲ್ಲಿ ಮುಕ್ಕಾಲು ಪಾಲು ದೇವರ ಹೆಸರೇ ಇತ್ತು. ದ್ವಿತೀಯ ಬಹುಮಾನ ಒಂದು ಆಂಜನೇಯಸ್ವಾಮಿಗೆ ಬಂತು, ತೃತೀಯ ಯಾರದೋ ಮನೆ ಹಸುವಿಗೆ. ಬಿಲ್ ಯಾರದ್ದು, ಫೋನ್ ನಂಬರ್ ಯಾರದ್ದು ಅಂತ ನೋಡಿ ಕೊಡ್ತೀವಿ ಅಷ್ಟೇ. ಅವರೆಲ್ಲ ಬೆಳಗ್ಗೆನೇ ಬಂದು ಆಧಾರ್ ತೋರ್ಸಿ ತಗೊಂಡ್ ಹೋದ್ರು. ಐದೇ ನಿಮಿಷದ ಕೆಲಸ."

ಜಯಪ್ರಕಾಶನ ಬಿಲ್ಲೂ ಫೋನೂ ಆಧಾರೂ ಬೆಳಗಿನಿಂದ ಅವನ ಶರ್ಟಿನ ಜೇಬಿನಲ್ಲೇ ಇದ್ದವು. ಅವನು ಅವನ್ನೊಮ್ಮೆ ಮುಟ್ಟಿ ನೋಡಿಕೊಂಡ. ಈಗ ವಾಪಸ್ ಕೊಡಿಸೋಕಾಗುತ್ತಾ ಅಂತ ಕೇಳಿದ ದನಿ ಅವನಿಗೇ ಕೇಳಿಸಲಿಲ್ಲ. ಚೈತನ್ಯ ಗಾಜಿನಾಚೆ ಕೈ ತೋರಿಸಿದ. ಅಲ್ಲಿ ಸ್ಕೂಟರಿಗೆ ಬಾಳೆಕಂದು ಕಟ್ಟಿ, ಮುಂದಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಗುಡ್ಡದಪಾಳ್ಯಕ್ಕೆ ಗುಡ್ಡದಪಾಳ್ಯವೇ ಕೈಮುಗಿದು ನಿಂತಿತ್ತು.

ಹೊರಗೆ ಬಂದು ಅನಂತರಾಜುವಿಗೆ ಸಂಗತಿ ಹೇಳಿದ. ಅವರು ಸಾವಧಾನವಾಗಿ ಕೇಳಿ, "ಮೊದ್ಲೇ ಬಂದು ಒಂದ್ ಮಾತು ಕೇಳ್ಬಾರ್ದಿತ್ತೇನಯ್ಯ?" ಅಂದರು.

ಸ್ಕೂಟರನ್ನು ಲಿಫ್ಟಿನಲ್ಲಿ ಕೆಳಗಿಳಿಸಿ ಬಾಗಿಲಿಗೆ ತಂದರು. ಜಯಪ್ರಕಾಶ ಬರಿಗಾಲಿನಲ್ಲಿ ಹತ್ತಿ ಕೂತ. ಅಯ್ನೋರು ಹಿಂದೆ ಕೂತು ಸ್ವಾಮಿಯನ್ನು ಮಡಿಲಲ್ಲಿ ಕೂರಿಸಿಕೊಂಡರು. ಸೀಟು ಬಲು ಮೆತ್ತಗಿದೆ, ಬಸ್ಸಿನಲ್ಲಿ ನಡು ಬಿದ್ದುಹೋಗಿತ್ತು ಅಂತ ಮನಸಾರೆ ಹರಸಿದರು. ಆಮೇಲೆ ನೆನಪಾಗಿ ಮುಂದಕ್ಕೆ ಬಗ್ಗಿದರು.

"ನಾಳೆ ಆರಕ್ಕೆ ಬಂದ್ರೆ ಸಾಕು ಕಣಪ್ಪ. ನಾಳಿದ್ದು ಮಾತ್ರ ಐದಕ್ಕೇ ಬಂದ್ಬುಡು. ಸೋಮವಾರ ಅಲ್ವೇ, ಸ್ವಾಮಿ ದಿನ. ಕತ್ತಲಾಗೋವರ್ಗೂ ಬಿಡುವಿರಲ್ಲ."

ಅಕ್ಷತಾ ಅಮ್ಮನ ಜೊತೆ ಪಕ್ಕದಲ್ಲೇ ನಿಂತಿದ್ದಳು. ಅಪ್ಪನ ಮುಖ ನೋಡಿದಳು. ಬಗ್ಗಿ ಅವನ ಪ್ಯಾಂಟಿನ ಕಾಲು ಚೈನಿಗೆ ಸಿಕ್ಕದ ಹಾಗೆ ಒಂದು ಸುತ್ತು ಮಡಿಸಿದಳು, ಸ್ಕೂಟರಿಗೆ ಚೈನಿಲ್ಲ ಅನ್ನುವುದು ಅವಳಿಗೆ ಆಮೇಲೆ ಹೊಳೆಯಿತು.

"ನಿಧಾನ ಹೋಗಪ್ಪ," ಅಂದಳು. "ನಾವು ಬಸ್ಸಲ್ಲಿ ಬರ್ತೀವಿ."